ಸಭೆ ಬಿಟ್ಟು ಬರಲ್ಲ ಅನ್ನುವ ಅತ್ತೆ: ಏನು ಮಾಡಲಿ?

ಮೈಸೂರಿನ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಅತ್ತೆಗೆ 83 ವರ್ಷ. ಕೊಡಗಿನ ಸಿದ್ದಾಪುರದ ಕಡೆ, ಕಾಫಿ ತೋಟಗಳ ಮಧ್ಯೆ ಒಬ್ಬರೇ ಇದ್ದಾರೆ. ಮಾವ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಅವರು ತೀರಿಕೊಂಡು 30 ವರ್ಷ ದಾಟಿತು. ಅತ್ತೆ ಅದೇ ತೋಟದಲ್ಲಿ ಆಯಾ ಆಗಿದ್ದರು, ಹೆಂಗಸರು ಕೆಲಸಕ್ಕೆ ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಹೋದ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆವತ್ತಿನಿಂದ ನಾನೂ ನನ್ನ ಗಂಡನೂ ಮೈಸೂರಿಗೆ ಬಂದುಬಿಡಿ ಅಂತ ಹೇಳುತ್ತಲೇ ಇದ್ದೇವೆ. ಅವರದು ಒಂದೇ ಮಾತು: "ನಾನು ಬಂದ್ರೆ ಶನಿವಾರದ ಕೆಲಸ ಯಾರು ಮಾಡ್ತಾರೆ ಮಾರಾಯ್ತಿ?"

ಶನಿವಾರದ ಕೆಲಸ ಅಂದರೆ ಚರ್ಚಿನ ಕೆಲಸ. ಅಲ್ಲಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಆ ಚರ್ಚಿಗೆ ಸೇರಿದ ಜನ, ತೀರಾ ಸಣ್ಣದು. ಭಾನುವಾರ ಬರುವವರು 14 ಜನ. "ಮಾಡಿನಲ್ಲಿರೋ ಅಳಿಲು ಸೇರಿಸಿದ್ರೆ 15" ಅಂತ ಅತ್ತೆಯೇ ನಗುತ್ತಾರೆ. ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಇನ್ನೂ ಎರಡು ಸಭೆಗಳ ಜವಾಬ್ದಾರಿ ಇರುವುದರಿಂದ ಅವರು ಬರುವುದು ತಿಂಗಳಿಗೆ ಎರಡು ಭಾನುವಾರ. ಉಳಿದ ದಿನ ಸಭೆಯ ಹಿರಿಯರೊಬ್ಬರು ಆರಾಧನೆ ನಡೆಸುತ್ತಾರೆ. ಶನಿವಾರ ಬೆಳಿಗ್ಗೆ ಅತ್ತೆ ಚರ್ಚಿನ ಭೋಜನದ ಮೇಜಿನ ಬಿಳಿ ಬಟ್ಟೆಯನ್ನು ಮನೆಗೆ ತಂದು ಒಗೆಯುತ್ತಾರೆ, ತಿಳಿಯಾದ ಗಂಜಿ ಹಾಕುತ್ತಾರೆ. ಆಮೇಲೆ ತೆಂಗಿನ ಚಿಪ್ಪಿನ ಕೆಂಡ ತುಂಬಿದ ಹಳೇ ಇಸ್ತ್ರಿ ಪೆಟ್ಟಿಗೆಯಲ್ಲಿ ಇಸ್ತ್ರಿ. ನಾನು ಕರೆಂಟಿನದು ತಂದುಕೊಟ್ಟೆ. ಅದು ಇನ್ನೂ ಡಬ್ಬದೊಳಗೇ ಇದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ, ಆಗ ಒಲೆಯ ಮೇಲೆ ಹಗ್ಗ ಕಟ್ಟಿ ಆರಿಸುತ್ತಾರೆ. ಭಾನುವಾರ ಆ ಬಟ್ಟೆ ಸ್ವಲ್ಪ ಹೊಗೆ ವಾಸನೆ ಹೊಡೆಯುತ್ತದೆ. ಯಾರೂ ಏನೂ ಅನ್ನುವುದಿಲ್ಲ.

ಕರ್ತನ ಭೋಜನಕ್ಕೆ ದ್ರಾಕ್ಷಾರಸವನ್ನೂ ಅವರೇ ಮಾಡುವುದು. ಕರಿ ಒಣದ್ರಾಕ್ಷಿ ರಾತ್ರಿ ನೆನೆಸಿ, ಮರುದಿನ ಕುದಿಸಿ, ಕಿವುಚಿ ಸೋಸುತ್ತಾರೆ. ಕೊಡಗಿನ ರಸ್ತೆ ಬದಿಯ ಅಂಗಡಿಗಳಲ್ಲಿ ಮನೆಯಲ್ಲೇ ಮಾಡಿದ ವೈನ್ ಸಾಲಾಗಿ ಇಟ್ಟಿರುತ್ತಾರಲ್ಲ, ಅಲ್ಲಿಂದ ಒಂದು ಬಾಟಲಿ ತಂದರೆ ಆಗಲ್ವಾ ಅಂತ ಒಮ್ಮೆ ಕೇಳಿದೆ. "ಅದು ಟೂರಿಸ್ಟ್‌ಗಳಿಗೆ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ನಾನೂ ಸಿಎಸ್‌ಐಯವಳೇ. ಆದರೆ ನಮ್ಮದು ಮೈಸೂರಿನ ವೆಸ್ಲಿ ಮಿಶನ್ ಕಡೆಯ ಮನೆ, ಅವರದು ಜರ್ಮನ್ ಪಾದ್ರಿಗಳಿದ್ದ ಬಾಸೆಲ್ ಮಿಶನ್. ಎರಡೂ ಹಿಂದೆ ಇಲ್ಲಿ ಸಭೆ ಕಟ್ಟಿದ ಹೊರದೇಶದ ಮಿಶನರಿ ಸಂಸ್ಥೆಗಳು. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಆಯಿತು, ಬೇರೆ ಬೇರೆ ಸಭೆಗಳು ಒಂದಾದವು ಅಂತ ನಾವು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೇವೆ. ಅತ್ತೆಯ ಅಪ್ಪ ಮಾತ್ರ ಸಾಯುವ ತನಕ ಬಾಸೆಲ್ ಮಿಶನ್ ಅಂತಲೇ ಹೇಳುತ್ತಿದ್ದರಂತೆ. ಜರ್ಮನ್ ರಾಗದ ಹಳೇ ಕನ್ನಡ ಹಾಡುಗಳನ್ನು ಅತ್ತೆ ನಿಧಾನವಾಗಿ, ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಿಸಿ ಹಾಡುತ್ತಾರೆ. "ನಿಮ್ಮ ಕಡೆಯವರು ಬಸ್ ಹೊರಟುಹೋಗುತ್ತೆ ಅನ್ನೋ ಹಾಗೆ ಹಾಡ್ತೀರಿ" ಅಂತ ಮದುವೆಯಾದ ವಾರವೇ ನನಗೆ ಹೇಳಿದ್ದರು.

ಅವರ ಹಿರಿಯರು ಆನಂದಪುರದವರು. 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರುಮಾಡಿದ ಹರ್ಮನ್ ಮೊಗ್ಲಿಂಗ್ ಅವರೇ ಮುಂದಿನ ದಶಕದಲ್ಲಿ ಕೊಡಗಿಗೆ ಬಂದು, ಆನಂದಪುರದಲ್ಲಿ ಒಂದು ಸಭೆ ಕಟ್ಟಿದರು. ಸೇರಿದವರು ಹೆಚ್ಚಿನವರು ಗದ್ದೆ ಜೀತಕ್ಕಿದ್ದ ದಲಿತ ಕುಟುಂಬದವರು. ಅತ್ತೆ ಇದನ್ನು ಮುಚ್ಚಿಡುವುದಿಲ್ಲ. "ಗದ್ದೆಯವರು ನಮ್ಮವರ ತಲೆ ಎಣಿಸಿದ್ರು. ಹೆಸರು ಬರೆದದ್ದು ಮೊದಲು ದೀಕ್ಷಾಸ್ನಾನದ ಪುಸ್ತಕದಲ್ಲಿ" ಅನ್ನುತ್ತಾರೆ.

ಇಷ್ಟು ಹೇಳಿದ್ದು ಯಾಕೆ ಅಂದರೆ, ಇದು ಬರೀ ಹಠ ಅಲ್ಲ ಅಂತ ನನಗೂ ಗೊತ್ತು. ಕೈ ಮುರಿದಾಗ ಮೂರು ತಿಂಗಳು ನಮ್ಮ ಮನೆಯಲ್ಲಿದ್ದರು. ಪ್ರತಿ ಭಾನುವಾರ ಕಾರಿನಲ್ಲಿ ನಮ್ಮ ಚರ್ಚಿಗೆ ಕರೆದುಕೊಂಡು ಹೋಗಿದ್ದೇವೆ. ದೊಡ್ಡ ಚರ್ಚು, ಒಳ್ಳೆಯ ಕ್ವಾಯರ್, ಹಾಡಿನ ಸಾಲು ಪರದೆಯ ಮೇಲೆ ಬರುತ್ತದೆ, ಕಣ್ಣು ಮಂಜಾದವರಿಗೂ ಕಾಣುತ್ತದೆ. ಆದರೂ ಪ್ಲಾಸ್ಟರ್ ತೆಗೆದ ಮರುದಿನವೇ ಬ್ಯಾಗ್ ಕಟ್ಟಿದರು. ಯಾಕೆ ಅಂದರೆ, "ಅಲ್ಲಿ ನಾನು ನೋಡ್ಲಿಕ್ಕೆ ಹೋದ ಹಾಗಾಯ್ತು" ಅಂದರು.

ಇನ್ನು ಆರು ತಿಂಗಳಿಗೆ ಮತ್ತೆ ಮಳೆ. ಹೇಗೆ ಒಪ್ಪಿಸುವುದು? ಒಪ್ಪಿಸುವುದು ಸರಿಯಾ? ಇಂಥ ಹಿರಿಯರನ್ನು ನೋಡಿಕೊಂಡವರು ಯಾರಾದರೂ ಹೇಳಿ.

ಪೇಟೆ ಹುಡುಗ (ವಯಸ್ಸು 58):

ನಾನು ವಿರಾಜಪೇಟೆಯವನು. ನಮ್ಮದು ಕ್ಯಾಥೊಲಿಕ್ ಮನೆ, ಸಂತ ಅನ್ನಮ್ಮನವರ ಚರ್ಚು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಜಾಗ ಕೊಟ್ಟು, 1792ರಲ್ಲಿ ಶುರುವಾದದ್ದು. ಊರಿಗೂ ಚರ್ಚಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಹಾಗಾಗಿ ನಮ್ಮ ಅಮ್ಮನಿಗೆ ಪೇಟೆ ಬೇರೆ, ಚರ್ಚು ಬೇರೆ ಅಂತ ಅನಿಸಿದ್ದೇ ಇಲ್ಲ.

ಅಮ್ಮ ಹುಡುಗಿಯಾಗಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ. ಅರ್ಥ ಒಂದಕ್ಷರ ಗೊತ್ತಿಲ್ಲದೆ ಎಲ್ಲ ಬಾಯಿಪಾಠ. 1960ರ ದಶಕದ ವ್ಯಾಟಿಕನ್ ಸಭೆಯ ನಂತರ ಕನ್ನಡ ಬಂತು. ಎಲ್ಲರಿಗೂ ಖುಷಿಯಾಯಿತು, ಅಮ್ಮನಿಗೆ ಮಾತ್ರ ಸ್ವಲ್ಪ ದಿನ ಸಿಟ್ಟು. "ದೇವರಿಗೆ ಹೇಳಿದ್ದು ನನಗ್ಯಾಕೆ ಅರ್ಥ ಆಗಬೇಕು?" ಅಂತ ಕೇಳುತ್ತಿದ್ದರಂತೆ. ಆಮೇಲೆ ಕನ್ನಡದಲ್ಲಿ ವಾಚನ ಓದಲು ಮುಂದೆ ನಿಂತವರಲ್ಲಿ ಅವರೂ ಒಬ್ಬರು.

ಕೊನೆಯ ಐದು ವರ್ಷ ನಾನು ಅಮ್ಮನನ್ನು ಬೆಂಗಳೂರಿಗೆ ತಂದಿಟ್ಟುಕೊಂಡೆ. ಚರ್ಚು ಮನೆಯಿಂದ 200 ಮೀಟರ್, ಕನ್ನಡ ಪೂಜೆಯೂ ಇತ್ತು. ದಿನಾ ಜಪಸರ ಹೇಳುತ್ತಿದ್ದರು, ಭಕ್ತಿಗೆ ಏನೂ ಕಡಿಮೆ ಆಗಲಿಲ್ಲ. ಆದರೆ ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ಜನರ ಮುಖ ನೋಡುತ್ತಿದ್ದರು. ಊರಿನಲ್ಲಿ ಅಲ್ಲೇ ಅರ್ಧ ಗಂಟೆ ನಿಲ್ಲುತ್ತಿದ್ದರು. ಯಾರ ಮಗಳಿಗೆ ಹೆರಿಗೆ, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಅಲ್ಲೇ ಗೊತ್ತಾಗುವುದು. ಬೆಂಗಳೂರಿನಲ್ಲಿ ಎಲ್ಲರೂ ಸೀದಾ ಪಾರ್ಕಿಂಗ್ ಕಡೆ. ನಿಮ್ಮ ಅತ್ತೆ ಹೇಳಿದ "ನೋಡ್ಲಿಕ್ಕೆ ಹೋದ ಹಾಗೆ" ಅನ್ನುವುದನ್ನು ಓದಿದಾಗ ನನಗೆ ಆ ಮೆಟ್ಟಿಲೇ ಕಣ್ಣಿಗೆ ಬಂತು. ಅಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೈಟ್ ಡ್ಯೂಟಿ:

ನಾನು ನರ್ಸ್. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಕ್ಷಮಿಸಿ. 83ರಲ್ಲಿ ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಸವೆದಿದೆ ಅಂತ. ಮುಂದಿನ ಸಲ ಸೊಂಟ ಆಗಬಹುದು. ಒಬ್ಬರೇ ಇರುವ ಮನೆ, ಸುತ್ತ ತೋಟ, ಜೂನ್‌ನಿಂದ ಜೋರು ಮಳೆ. ಬಿದ್ದರೆ ನೋಡುವವರು ಯಾರು? ಗಂಟೆಗಟ್ಟಲೆ ಅಲ್ಲೇ ಬಿದ್ದಿದ್ದವರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ದೇವರು ಮೈಸೂರಿನಲ್ಲೂ ಇದ್ದಾನೆ. ಕರೆದುಕೊಂಡು ಬನ್ನಿ.

ಮೈಸೂರಿನ ಸೊಸೆ:

ನೀವು ಹೇಳುವುದು ಸರಿ ಸಿಸ್ಟರ್, ನನ್ನ ರಾತ್ರಿ ನಿದ್ದೆ ಕೆಡಿಸುವುದೂ ಅದೇ. ಆದರೆ "ದೇವರು ಮೈಸೂರಿನಲ್ಲೂ ಇದ್ದಾನೆ" ಅಂತ ನನ್ನ ಗಂಡ ಆಗಲೇ ಹೇಳಿ ಬೈಸಿಕೊಂಡಿದ್ದಾರೆ. "ಅದು ನನಗೆ ಗೊತ್ತಿಲ್ವಾ? ನಾನು ಸಭೆ ವಿಷಯ ಮಾತಾಡ್ತಾ ಇದ್ದೇನೆ" ಅಂದರು.

ಇನ್ನೊಂದು ಹೇಳುತ್ತೇನೆ, ಆಗ ನಿಮಗೆ ಅವರು ಎಂಥವರು ಅಂತ ಗೊತ್ತಾಗಬಹುದು. ನನ್ನ ಗಂಡನಿಗೆ ಒಬ್ಬ ತಮ್ಮ ಇದ್ದ. 1988ರಲ್ಲಿ, 19ನೇ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟ. ಆಮೇಲೆ ಎಂಟು ತಿಂಗಳು ಅತ್ತೆ ಚರ್ಚಿನೊಳಗೆ ಕಾಲಿಡಲಿಲ್ಲವಂತೆ. ಅಯ್ಯನವರು ಮನೆಗೆ ಬಂದರೆ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ಪ್ರಾರ್ಥನೆಗೆ ಮಾತ್ರ ಕೂರುತ್ತಿರಲಿಲ್ಲ. ಆದರೆ ಆ ಎಂಟು ತಿಂಗಳೂ ಶನಿವಾರ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಪಕ್ಕದ ಮನೆ ಹುಡುಗಿಯ ಕೈಯಲ್ಲಿ ಕಳಿಸಿದ್ದಾರೆ. ಒಂದು ವಾರವೂ ತಪ್ಪಿಲ್ಲ. ಯಾಕೆ ಅಂತ ನಾನು ಮೊನ್ನೆ ಮೊನ್ನೆ ಕೇಳಿದೆ. "ನನಗೆ ದೇವರ ಮೇಲೆ ಕೋಪ ಇತ್ತು. ಮೇಜಿನ ಮೇಲೆ ಕೋಪ ಇರ್ಲಿಲ್ಲ" ಅಂದರು.

ಮತ್ತೆ ಹೇಗೆ ಹೋದರು ಅಂದರೆ ಅದಕ್ಕೂ ದೊಡ್ಡ ಕಥೆ ಏನಿಲ್ಲ. ಆ ಹುಡುಗಿಗೆ ಒಂದು ವಾರ ಜ್ವರ ಬಂತು. ಬಟ್ಟೆ ಒಯ್ಯಲು ಬೇರೆ ಯಾರೂ ಇರಲಿಲ್ಲ. ತಾವೇ ಒಯ್ದರು, ಹಾಸಿದರು, ಅಷ್ಟರಲ್ಲಿ ಗಂಟೆ ಹೊಡೆಯಿತು, ಹಿಂದಿನ ಬೆಂಚಿನಲ್ಲಿ ಕೂತರು.

ಅಮ್ಮತ್ತಿ ಕಡೆಯವ:

ನಾವು ಕೊಡವರು, ಸಭೆಯ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ನಮ್ಮ ಅಜ್ಜಿ ಐನ್‌ಮನೆ (ಕುಟುಂಬದ ಮೂಲಮನೆ) ಬಿಟ್ಟು ಬರಲ್ಲ ಅಂತ ಕೂತಿದ್ದು ನೆನಪಾಯಿತು. ನೆಲ್ಲಕ್ಕಿಯ (ನಡುಮನೆಯ) ತೂಗುದೀಪಕ್ಕೆ ಸಂಜೆ ಎಣ್ಣೆ ಹಾಕುವವರು ಯಾರು ಅನ್ನುವುದೇ ಅವರ ಪ್ರಶ್ನೆ. ನಿಮ್ಮ ಅತ್ತೆಯ ಬಟ್ಟೆಯೂ ನಮ್ಮ ಅಜ್ಜಿಯ ದೀಪವೂ ಒಂದೇ ಅಂತ ನಾನು ಹೇಳಿದರೆ ಎರಡೂ ಕಡೆಯವರು ಬೈಯಬಹುದು. ಆದರೂ ಹೇಳುತ್ತೇನೆ.

ನಾವು ಕೊನೆಗೆ ಮಾಡಿದ್ದು ಇಷ್ಟೇ. ಚಿಕ್ಕಪ್ಪನ ಮಗನಿಗೆ ದೀಪದ ಜವಾಬ್ದಾರಿ ಕೊಟ್ಟೆವು. ಅಜ್ಜಿಯೇ ಅವನಿಗೆ ಬತ್ತಿ ಹೊಸೆಯುವುದನ್ನು ಕಲಿಸಿದರು. 15 ದಿನ ಅವನ ತಲೆ ತಿಂದರು. ಆಮೇಲೆ ಮಡಿಕೇರಿಗೆ ಬಂದರು. ಬಂದ ಮೇಲೂ ದಿನಾ ಸಂಜೆ ಆರೂವರೆಗೆ ಅವನಿಗೆ ಫೋನ್. ಅವನು ಎಲ್ಲಿದ್ದರೂ "ಹಚ್ಚಿದೆ ಅಜ್ಜಿ" ಅನ್ನಬೇಕು. ಕೆಲವು ದಿನ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಹಚ್ಚಿದೆ" ಅಂದಿದ್ದಾನೆ, ಅದು ಬೇರೆ ವಿಷಯ.

ನಿಮ್ಮ ಅತ್ತೆ ನಡೆದು ಹೋಗುವ ದಾರಿಯಲ್ಲಿ ಆನೆ ಕಾಟ ಇಲ್ವಾ? ಸಿದ್ದಾಪುರದ ಕಡೆ ತೋಟದೊಳಗೇ ಹಿಂಡು ಬೀಡುಬಿಟ್ಟಿರುತ್ತದೆ. ನಾನಾದರೆ ಪಾಚಿಗಿಂತ ಮೊದಲು ಅದಕ್ಕೆ ಹೆದರುತ್ತೇನೆ.

ಮೈಸೂರಿನ ಸೊಸೆ:

ಆನೆ ಇಲ್ಲದೆ ಇರುತ್ತಾ ಸಾರ್! ಒಂದು ಗರಿಗಳ ಭಾನುವಾರ ದಾರಿಗೆ ಅಡ್ಡ ಮೂರು ಆನೆ ನಿಂತಿದ್ದವಂತೆ. ಅರಣ್ಯ ಇಲಾಖೆಯವರು ಪಟಾಕಿ ಹೊಡೆದು ಓಡಿಸುವ ತನಕ ಹತ್ತು ಜನ ಗರಿ ಹಿಡಿದುಕೊಂಡು ಒಂದು ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ಜಗಲಿಯಲ್ಲಿ ಕೂತಿದ್ದರಂತೆ. ಅಲ್ಲೇ ಎರಡು ಹಾಡು ಹೇಳಿದರಂತೆ, ಮೆಲ್ಲಗೆ. ಆರಾಧನೆ ಶುರುವಾದದ್ದು ಹನ್ನೊಂದೂವರೆಗೆ. ಈಗ ಸಭೆಯವರೊಬ್ಬರು ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಆ ಚಿಂತೆ ಕಡಿಮೆ.

ಕಲಿಸುವ ವಿಷಯ ಚೆನ್ನಾಗಿದೆ. ಇಲ್ಲಿಯ ತನಕ ನಾವು ಬಟ್ಟೆಯ ಕೆಲಸವನ್ನು "ಯಾರಾದರೂ ಮಾಡ್ತಾರೆ ಬಿಡಿ ಅತ್ತೆ" ಅಂತ ಹೇಳಿದ್ದೇವೆ. ಆ ಯಾರಾದರೂ ಯಾರು ಅಂತ ನಾವು ನೋಡಲೇ ಇಲ್ಲ.

ಅಯ್ಯನವರ ಮಗಳು:

ನನ್ನ ತಂದೆ 34 ವರ್ಷ ಸಭಾಪಾಲಕರಾಗಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ವರ್ಗಾವಣೆ, ಅದರಲ್ಲಿ ಒಂದು ಸಲ ಕೊಡಗಿಗೂ. ಇಂಥ ಅಜ್ಜಿಯಂದಿರ ತೊಡೆಯ ಮೇಲೇ ನಾನು ಬೆಳೆದದ್ದು. ಹಿಡಿ ಅಕ್ಕಿಯ ಡಬ್ಬಿ ಇಟ್ಟಿದ್ದಾರಾ ನಿಮ್ಮ ಅತ್ತೆ? ಇಟ್ಟೇ ಇರುತ್ತಾರೆ.

ಎರಡು ವಿಷಯ ಕೇಳಿ. ಒಂದು, ಮೈಸೂರಿಗೆ ಬಂದರೆ ಸಭೆಯ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ ಅಂತ ಅವರಿಗೆ ಹೆದರಿಕೆ ಇರಬಹುದು. ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ದೀಕ್ಷಾಸ್ನಾನದ ಪುಸ್ತಕದ ಮಾತನ್ನು ಅವರು ನಿಮಗೆ ಹೇಳಿದ್ದಾರಲ್ಲ, ಅದನ್ನು ಇನ್ನೊಮ್ಮೆ ಓದಿ ನೋಡಿ. ವರ್ಗಾವಣೆ ಪತ್ರ ತರಲೇಬೇಕು ಅಂತ ಏನಿಲ್ಲ. ವರ್ಷದ ವಂತಿಗೆ ಊರಿನ ಸಭೆಗೇ ಕಟ್ಟಿ, ಹೆಸರು ಅಲ್ಲೇ ಇರಲಿ. ಮೈಸೂರಿನಲ್ಲಿ ಬಂದು ಕೂರುವುದಕ್ಕೆ, ಭೋಜನ ತೆಗೆದುಕೊಳ್ಳುವುದಕ್ಕೆ ಯಾರೂ ಪಟ್ಟಿ ನೋಡುವುದಿಲ್ಲ.

ಎರಡು, ಸಮಾಧಿ. ಮಾವ ಎಲ್ಲಿ ಮಲಗಿದ್ದಾರೆ? ಆ ಮಗ ಎಲ್ಲಿ? ಅವರ ಪಕ್ಕದ ಜಾಗ ತನಗೆ ಸಿಗುತ್ತಾ ಅನ್ನುವುದು ಈ ವಯಸ್ಸಿನವರ ದೊಡ್ಡ ಪ್ರಶ್ನೆ. ಮಕ್ಕಳು ಇದನ್ನು ಕೇಳುವುದಿಲ್ಲ, ಅಶುಭ ಅಂತ. ನೀವು ಕೇಳಿ. ಸೊಸೆ ಕೇಳಿದರೆ ಹೇಳುತ್ತಾರೆ, ಮಗ ಕೇಳಿದರೆ ಹೇಳಲ್ಲ.

ಮತ್ತೆ, ಆ "ನೋಡ್ಲಿಕ್ಕೆ ಹೋದ ಹಾಗೆ" ಅನ್ನುವುದಕ್ಕೆ ಮದ್ದು ಅಂದರೆ ಕೆಲಸವೇ. ನಿಮ್ಮ ಚರ್ಚಿನ ಮಹಿಳಾ ಕೂಟದವರ ಹತ್ತಿರ ಮೊದಲೇ ಮಾತಾಡಿ. ಆದರೆ ಅಜ್ಜಿಗೆ ಮನಸ್ಸಿಗೆ ಖುಷಿಯಾಗಲಿ ಅಂತ ಸುಮ್ನೆ ಏನೋ ಒಂದು ಕೆಲಸ ಕೊಡುವುದು ಬೇಡ. ಅವರಿಗೆ ಗೊತ್ತಾಗಿಬಿಡುತ್ತದೆ. ಅವರು ಮಾಡದಿದ್ದರೆ ಭಾನುವಾರ ಏನಾದರೂ ನಿಂತುಹೋಗಬೇಕು. ಅಂಥ ಕೆಲಸ ಕೊಡಿ.

ಮೈಸೂರಿನ ಸೊಸೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಊರಿಗೆ ಹೋಗಿ ಬಂದೆವು. ರೊಬಸ್ಟಾ ಕುಯ್ಲು ಜೋರಾಗಿತ್ತು, ಕಣದಲ್ಲೆಲ್ಲ ಕಾಫಿ ಹರಡಿತ್ತು. ಹಾಗಾಗಿ ಭಾನುವಾರ ಚರ್ಚಿನಲ್ಲಿ ಇದ್ದದ್ದು ಒಂಬತ್ತು ಜನ, ನಾವು ಇಬ್ಬರೂ ಸೇರಿ.

ಡಬ್ಬಿ ಇದೆ! ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ, ಒಲೆ ಪಕ್ಕದಲ್ಲೇ. ಎರಡು ಹೊತ್ತೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ಅದಕ್ಕೆ. ಒಬ್ಬರಿಗೆ ಅರ್ಧ ಪಾವು ಅಕ್ಕಿ ಬೇಯಿಸುವಾಗಲೂ ಹಿಡಿ ಮಾತ್ರ ಪೂರ್ತಿ. ಬೆಳೆ ಹಬ್ಬದ ದಿನ ಅದನ್ನು ಚರ್ಚಿಗೆ ಒಯ್ಯುತ್ತಾರೆ, ಉಳಿದವರು ತಂದ ಬಾಳೆಗೊನೆ, ಕುಂಬಳಕಾಯಿ, ಕರಿಮೆಣಸು, ಕೋಳಿ ಎಲ್ಲದರ ಜೊತೆ ಅದೂ ಏಲಂ ಆಗುತ್ತದೆ. (ಒಂದು ವರ್ಷ ನನ್ನ ಗಂಡ ತಮ್ಮದೇ ಮನೆಯ ಹುಂಜವನ್ನು 900 ರೂಪಾಯಿಗೆ ಕೂಗಿ ವಾಪಸ್ ತಂದಿದ್ದರು.) ಅದು ಬಿಡಿ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ಮನೆಗಳು ಮುಳುಗಿದಾಗ ಅತ್ತೆ ಆ ಡಬ್ಬಿಯನ್ನು ಪರಿಹಾರ ಕೇಂದ್ರದ ಅಡುಗೆಗೆ ಪೂರ್ತಿ ಸುರಿದುಬಿಟ್ಟರಂತೆ. ಆ ವರ್ಷ ಬೆಳೆ ಹಬ್ಬಕ್ಕೆ ಬರಿಗೈಲಿ ಹೋದರು. ಕಾಣಿಕೆ ಪುಸ್ತಕ ಬರೆಯುವ ಹಿರಿಯರು ಪಾಪ ಅಂತ ಐದು ಸೇರು ಅಂತ ಬರೆಯಲು ಹೊರಟರೆ, ಇವರು ಬಿಡಲಿಲ್ಲ. "ಇಲ್ಲ ಅಂತ ಬರೀರಿ" ಅಂತ ನಿಂತು ಬರೆಸಿದರಂತೆ. ಆ ಹಿರಿಯರೇ ನನಗೆ ಹೇಳಿದ್ದು.

ಶನಿವಾರ ರಾತ್ರಿ ಸಮಾಧಿಯ ವಿಷಯ ಕೇಳಿದೆ. ನಿಜ ಹೇಳಬೇಕೆಂದರೆ ನಾಲಿಗೆ ಒಣಗಿತ್ತು. ಅತ್ತೆ ದ್ರಾಕ್ಷಿ ಕಿವುಚುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ನಿಮ್ಮ ಮಾವನ ಬಲಕ್ಕೆ ಮಗ ಇದ್ದಾನೆ. ಎಡಗಡೆ ಖಾಲಿ. ಅಲ್ಲಿ ನಾನು ಸಂಪಿಗೆ ಗಿಡ ನೆಡ್ಲಿಕ್ಕೆ ಬಿಡ್ಲಿಲ್ಲ" ಅಂದರು. ಆಮೇಲೆ, "ಮೈಸೂರಲ್ಲಿ ಹೋದ್ರೆ ಅಷ್ಟು ದೂರ ತರ್ತೀರಾ?" ಅಂತ ಕೇಳಿದರು. ತರುತ್ತೇವೆ ಅಂದೆ. "ಖರ್ಚಾಗ್ತದೆ" ಅಂದರು. ಆಗಲಿ ಅಂದೆ. ನನ್ನ ಗಂಡ ಒಳಕೋಣೆಯಲ್ಲಿ ಮಲಗಿದ ಹಾಗೆ ನಟಿಸುತ್ತಿದ್ದರು.

ಹೆಸರು ಪಟ್ಟಿಯಲ್ಲೇ ಇರುತ್ತದೆ ಅಂತ ಮರುದಿನ ಅಯ್ಯನವರ ಬಾಯಿಂದಲೇ ಹೇಳಿಸಿದೆವು. ಅತ್ತೆ ಅವರನ್ನು ಎರಡು ಸಲ ಕೇಳಿದರು.

ಬಟ್ಟೆ ಕಲಿಯಲು ಒಬ್ಬಳು ಸಿಕ್ಕಿದ್ದಾಳೆ. 1988ರಲ್ಲಿ ಬಟ್ಟೆ ಒಯ್ಯುತ್ತಿದ್ದ ಪಕ್ಕದ ಮನೆ ಹುಡುಗಿ, ಅವಳಿಗೇ ಈಗ 47, ಅವಳ ಮಗಳು. ಡಿಗ್ರಿ ಎರಡನೇ ವರ್ಷ. ಗಂಜಿ ದಪ್ಪ ಆಯಿತು ಅಂತ ಮೊದಲ ಶನಿವಾರವೇ ಬೈಸಿಕೊಂಡಳು. ಎರಡನೆಯ ಶನಿವಾರ ಅವಳು ಕರೆಂಟಿನ ಇಸ್ತ್ರಿ ಪೆಟ್ಟಿಗೆ ಡಬ್ಬದಿಂದ ತೆಗೆದಳು. ಅತ್ತೆ ನೋಡಿಯೂ ನೋಡದ ಹಾಗೆ ಹೂ ಕೊಯ್ಯಲು ಹೋದರಂತೆ.

ಒಪ್ಪಂದ ಹೀಗಾಗಿದೆ: ಈಸ್ಟರ್ ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್ ಮೈಸೂರು. ಮಳೆ ಬಿಟ್ಟ ಮೇಲೆ ವಾಪಸ್, ಬೆಳೆ ಹಬ್ಬ ತಪ್ಪಿಸುವ ಹಾಗಿಲ್ಲ. ನಮ್ಮ ಚರ್ಚಿನ ಮಹಿಳಾ ಕೂಟದವರ ಹತ್ತಿರ ಮಾತಾಡಿದ್ದೇನೆ. ಅವರು ಭೋಜನದ ದ್ರಾಕ್ಷಾರಸವನ್ನು ಹೊರಗಿನಿಂದ ತರಿಸುತ್ತಾರಂತೆ. ಆ ನಾಲ್ಕು ತಿಂಗಳು ತರಿಸುವುದಿಲ್ಲ ಅಂತ ಒಪ್ಪಿದ್ದಾರೆ. 300 ಜನಕ್ಕೆ ಅಂತ ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಲ್ಲಿ ಅಷ್ಟು ದೊಡ್ಡ ಪಾತ್ರೆ ಉಂಟಾ?" ಅಂದರು.

ನೈಟ್ ಡ್ಯೂಟಿ ಸಿಸ್ಟರ್, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ, ಅಂಗಳದ ಪಾಚಿ ಕೆರೆಸಿದ್ದೇವೆ. ಬೈಯಬೇಡಿ.

ಈಗ ಇನ್ನೊಂದು ಪ್ರಶ್ನೆ. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಜೊತೆಗೆ ತರುತ್ತೇನೆ ಅಂತ ಹಠ ಹಿಡಿದಿದ್ದಾರೆ. ಅದರ ಮರದ ಹಿಡಿ ಸೀಳಿದೆ, ಹಿತ್ತಾಳೆ ಕೊಂಡಿಯೂ ಸಡಿಲ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆ ಸುತ್ತಮುತ್ತ ಇಂಥದ್ದು ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?